ಅಂಗೈ ಹುಣ್ಣಿಗೆ ಕನ್ನಡಿ

ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸರಸ್ವತಿ ಪಟಕ್ಕೆ ಪೂಜೆ. ಪ್ರಸಾದ ಪುರಿ, ಹುರಿಗಡಲೆ, ಸಕ್ಕರೆ. ಹೆಡ್‌ಮಾಸ್ಟರು ತಾವೇ ಹಂಚುತ್ತಾರೆ. ಜವಾನ ಬೋರಪ್ಪ ತಟ್ಟೆ ಹಿಡಿದು ಅವರ ಪಕ್ಕದಲ್ಲಿ ನಡೆಯುತ್ತಾನೆ. ಮೊದಲು ಟೀಚರುಗಳಿಗೆ, ಆಮೇಲೆ ಹುಡುಗಿಯರ ಸಾಲಿಗೆ. ಟೀಚರುಗಳಲ್ಲಿ ಹೆಂಗಸರಿಗೆ ಪ್ರಸಾದದ ಜೊತೆ ಕುಂಕುಮವೂ ಉಂಟು. ನನ್ನ ಮುಂದೆ ಬಂದಾಗ ಕುಂಕುಮದ ಬಟ್ಟಲು ಬೋರಪ್ಪನ ಬೆನ್ನ ಹಿಂದೆ ಹೋಗುತ್ತದೆ. ಪ್ರಸಾದ ಒಂದು ಗೇಣು ಮೇಲಿನಿಂದ ನನ್ನ ಅಂಗೈಗೆ ಬೀಳುತ್ತದೆ. ಬೆರಳು ತಾಗಬಾರದು.

ಹೋದ ವರ್ಷ ಐಮಂಗಲದ ಹತ್ತಿರ ಹೈವೇಯಲ್ಲಿ ಒಂದು ಲಾರಿ ನನ್ನ ಗಂಡನ ಮೋಟಾರ್ ಸೈಕಲ್ಲಿಗೆ ಬಡಿಯಿತು. ಅಲ್ಲಿಂದ ಇದು ಹೀಗೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬಿದ್ದ ಕಡಲೆಯನ್ನು ತಿನ್ನುತ್ತಿದ್ದೆ.

ಆ ಶುಕ್ರವಾರ ಐಮಂಗಲದ ಕಡೆಯ ಬಸ್ಸು ಹಿರಿಯೂರಿಗೆ ಬೇಗ ಬಂದಿತ್ತು. ಹಾಗಾಗಿ ಪಾಲಮ್ಮ ಸಾಲಿನಲ್ಲಿದ್ದಳು. ಐಮಂಗಲದಾಚೆಯ ಗೊಲ್ಲರ ಹಟ್ಟಿಯ ಹುಡುಗಿ. ಆ ವರ್ಷವೇ ನಮ್ಮಲ್ಲಿಗೆ ಬಂದು ಎಸ್ಸೆಸ್ಸೆಲ್ಸಿಗೆ ಸೇರಿದ್ದಳು. ಬೇರೆ ಶುಕ್ರವಾರಗಳಲ್ಲಿ ಬಸ್ಸು ತಡವಾಗಿ, ಅವಳು ಬರುವ ಹೊತ್ತಿಗೆ ತಟ್ಟೆ ಖಾಲಿಯಾಗಿರುತ್ತಿತ್ತು.

ಹೆಡ್‌ಮಾಸ್ಟರು ಎದುರಿಗೆ ಬಂದಾಗ ಅವಳು ಎಡಗೈ ಚಾಚಿದಳು.

"ಯಾವ ಕೈ ಅದು?"

ಎಡಗೈ ಹಿಂದೆ ಸರಿಯಿತು. ಬಲಗೈ ಬಂತು. ಕೈಬೆನ್ನು ಮೇಲೆ, ಅಂಗೈ ನೆಲದ ಕಡೆ.

"ಪ್ರಸಾದ ಬೇಕೋ, ಉಂಗುರ ತೊಡಿಸಬೇಕೋ?"

ಹುಡುಗಿಯರು ನಕ್ಕರು.

"ತಿರುಗಿಸೇ."

ಅವಳು ಪ್ರಯತ್ನಪಟ್ಟಳು. ಮೊಣಕೈಯನ್ನು ಹೊಟ್ಟೆಯ ಮುಂದಕ್ಕೆ ತಂದಳು. ಒಂದು ಭುಜ ಇಳಿಸಿ, ಸೊಂಟ ಪಕ್ಕಕ್ಕೆ ಬಾಗಿಸಿ, ಇಡೀ ಮೈಯನ್ನು ಓರೆ ಮಾಡಿದಳು. ಅಂಗೈ ಅರ್ಧ ಮೇಲಾಯಿತು. ಸಾಲಿನಲ್ಲಿ ಮತ್ತೆ ನಗು ಎದ್ದಿತು. ಈ ಸಲ ಜೋರಾಗಿ.

"ದೇವರ ಪ್ರಸಾದದ ಮುಂದೆ ವಯ್ಯಾರ ಮಾಡ್ತೀಯೇನೇ?"

ಕಂಕುಳಲ್ಲಿದ್ದ ಬೆತ್ತ ಕೈಗೆ ಬಂತು. ಅಂಗೈಗೆ ಬೀಳಬೇಕಾದ ಏಟು ಗೆಣ್ಣುಗಳ ಮೇಲೆ ಬಿತ್ತು. ಮತ್ತೂ ಬಿತ್ತು. ಬೋರಪ್ಪ ಬೆಚ್ಚಿದ್ದರಿಂದ ತಟ್ಟೆ ಅಲುಗಾಡಿ ಒಂದಿಷ್ಟು ಪುರಿ ನೆಲಕ್ಕೆ ಚೆಲ್ಲಿತು. ಹೆಡ್‌ಮಾಸ್ಟರು ಕೂಡಲೇ ಬೆತ್ತ ನಿಲ್ಲಿಸಿದರು.

"ಮೊದಲು ಅದನ್ನ ಎತ್ತೋ. ಯಾರಾದರೂ ತುಳಿದಾರು."

ಬೋರಪ್ಪ ಬಗ್ಗಿ ಒಂದೊಂದೇ ಪುರಿಯನ್ನು ಆರಿಸಿ ಕಣ್ಣಿಗೊತ್ತಿಕೊಂಡ. ಎಲ್ಲರೂ ಕಾಲು ಸರಿಸಿ ಜಾಗ ಕೊಟ್ಟರು. ಅದೇ ನೆಲದ ಮೇಲೆ ಹುಡುಗಿಯ ಗೆಣ್ಣಿನಿಂದ ರಕ್ತ ಬೀಳುತ್ತಿತ್ತು. ಅದಕ್ಕೆ ಯಾರೂ ಕಾಲು ಸರಿಸಲಿಲ್ಲ.

ಒಂದು ವರ್ಷದಿಂದ ನನ್ನೊಳಗೆ ಏನೂ ಅಲುಗಾಡಿರಲಿಲ್ಲ. ಆಗ ಅಲುಗಾಡಿತು. ಅದು ದುಃಖವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು ತೀರ್ಪು ಹೇಳಿಯೇಬಿಟ್ಟರು. ಅವರು ಮೊದಲು ಕನ್ನಡ ಪಂಡಿತರು. ಗಾದೆಯಿಲ್ಲದೆ ಅವರ ಮಾತು ಮುಗಿಯುವುದಿಲ್ಲ.

"ಸೋಮವಾರ ಪ್ರಾರ್ಥನೆಗೆ ಅವಳು ಎಲ್ಲರ ಮುಂದೆ ಬಲಗೈ ಚಾಚಿ ಪ್ರಸಾದ ತಗೋಬೇಕು. ಆಮೇಲೆ ಅದೇ ಕೈಗೆ ಏಟು. ತಪ್ಪಾಯ್ತು ಅನ್ನಬೇಕು. ಇಲ್ಲದಿದ್ದರೆ ಟಿ.ಸಿ. ಕೊಟ್ಟು ಕಳಿಸ್ತೀನಿ."

"ಕೈಗೆ ಏನಾದರೂ ಆಗಿರಬಹುದು ಸರ್. ವಿಚಾರಿಸಿ ನೋಡೋಣ" ಎಂದೆ.

"ಏನು ವಿಚಾರಿಸೋದು? ಮುನ್ನೂರು ಜನದ ಮುಂದೆ ಎಡಗೈ ಚಾಚಿದಳು, ಆಮೇಲೆ ಅಣಕಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮೇಡಂ?"

ಪಕ್ಕದಲ್ಲಿ ಹೊಲಿಗೆ ಟೀಚರ್ ನೂರುನ್ನೀಸಾ ದಾರ ಸುತ್ತುತ್ತಿದ್ದರು. ಹೆಡ್‌ಮಾಸ್ಟರು ಹೋದ ಮೇಲೆ ನನ್ನ ಕಡೆ ಬಗ್ಗಿದರು.

"ಚಂದ್ರಕ್ಕ, ಆ ಹುಡುಗಿ ಸೂಜಿ ಹಿಡಿಯೋದು ನೋಡೀರೇನು? ಎಲ್ಲರೂ ಕೈ ತಿರುಗಿಸಿ ಹೊಲೀತಾರೆ. ಇವಳು ಬಟ್ಟೇನೇ ತಿರುಗಿಸ್ತಾಳೆ. ಹೊಲಿಗೆ ಮಾತ್ರ ನನಗಿಂತ ನೀಟು."

"ಹೆಡ್‌ಮಾಸ್ಟರಿಗೆ ಹೇಳಬಾರದಿತ್ತೇ?"

"ಅವರು ಕೇಳ್ದಾಗ ಹೇಳಾಣ ಅಂತಿದ್ದೆ. ಇಪ್ಪತ್ತು ವರ್ಷ ಆಯ್ತು, ಇನ್ನೂ ಏನೂ ಕೇಳಿಲ್ಲ."

ಮಧ್ಯಾಹ್ನ ಪಾಲಮ್ಮನನ್ನು ಲ್ಯಾಬಿಗೆ ಕರೆದೆ. ಗೆಣ್ಣುಗಳಿಗೆ ಟಿಂಚರ್ ಹಚ್ಚಿದೆ. ಅವಳು ಹಲ್ಲು ಕಚ್ಚಿದಳು, ಅಳಲಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, "ಈಗ ಅಂಗೈ ಮೇಲೆ ಮಾಡು" ಎಂದೆ. ಮಣಿಕಟ್ಟು ಸ್ವಲ್ಪ ನಡುಗಿತು, ಅಷ್ಟೇ.

ಒಂಬತ್ತನೇ ತರಗತಿಗೆ ಈ ಪಾಠವನ್ನು ನಾನೇ ಮಾಡುತ್ತೇನೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆ. ಕಿರುಬೆರಳಿನ ಕಡೆಯದು ಅಲ್ನಾ. ಅದು ತೋಳಿನ ಮೂಳೆಗೆ ಬಾಗಿಲ ಬಿಜಾಗರಿಯಂತೆ ಸೇರಿಕೊಂಡಿದೆ. ಮಡಚುತ್ತದೆ, ಚಾಚುತ್ತದೆ, ಬೇರೇನೂ ಮಾಡದು. ಹೆಬ್ಬೆರಳಿನ ಕಡೆಯದು ರೇಡಿಯಸ್. ಅದರ ತಲೆ ಮೊಣಕೈಯ ಹತ್ತಿರ ನಾರಿನ ಒಂದು ಬಳೆಯೊಳಗೆ ಕೂತಿದೆ. ಅಂಗೈ ಮೇಲಿದ್ದಾಗ ಎರಡೂ ಮೂಳೆ ಅಕ್ಕಪಕ್ಕ ಮಲಗಿರುತ್ತವೆ. ಅಂಗೈ ಕವುಚಿದಾಗ ರೇಡಿಯಸ್ ಆ ಬಳೆಯೊಳಗೇ ಹೊರಳಿ ಅಲ್ನಾದ ಮೇಲೆ ಅಡ್ಡ ಬರುತ್ತದೆ. ಬಟ್ಟೆ ಹಿಂಡುವುದು, ಬೀಗ ತೆಗೆಯುವುದು, ತುತ್ತನ್ನು ಬಾಯಿಗಿಡುವುದು ಎಲ್ಲ ಆ ಬಳೆಯ ಉಪಕಾರ.

ನನ್ನ ಬಳೆಗಳನ್ನು ಒಡೆದ ದಿನ ಮಣಿಕಟ್ಟನ್ನು ಕಲ್ಲಿನ ಮೇಲೆ ಒತ್ತಿ ಹಿಡಿದಿದ್ದರು. ಆ ಗಾಯ ಮಾಯ್ದಿದೆ. ಮೊಣಕೈಯೊಳಗಿನ ಬಳೆ ಅವರ ಕೈಗೆ ಸಿಗಲಿಲ್ಲ.

ಮೊಣಕೈಯ ಹೊರಬದಿಯಲ್ಲಿ ಒಂದು ಸಣ್ಣ ಗುಳಿ ಇದೆ. ಅಲ್ಲಿ ಬೆರಳಿಟ್ಟು ಅಂಗೈ ತಿರುಗಿಸಿದರೆ ಒಳಗೆ ಮೂಳೆ ಉರುಳುವುದು ತಿಳಿಯುತ್ತದೆ. ನನ್ನ ಕೈಯಲ್ಲಿ ಉರುಳಿತು. ಪಾಲಮ್ಮನ ಎಡಗೈಯಲ್ಲೂ ಉರುಳಿತು. ಬಲಗೈಯಲ್ಲಿ ಏನೂ ಇಲ್ಲ. ಒಂದೇ ಕೊರಡು.

"ಯಾವಾಗಿನಿಂದ?"

"ಹುಟ್ಟಿದಾಗಿಂದ್ಲೂ ಹಿಂಗೇ ಐತೆ ಟೀಚರ್."

"ಊಟ ಹೇಗೆ ಮಾಡ್ತೀಯ?"

ಅವಳು ಕೋಳಿ ರೆಕ್ಕೆ ಎತ್ತಿದಂತೆ ಮೊಣಕೈಯನ್ನು ಪಕ್ಕಕ್ಕೆತ್ತಿ ಬೆರಳುಗಳನ್ನು ಬಾಯಿಗೆ ತಂದಳು. ತಾನೇ ನಕ್ಕಳು.

"ಪಕ್ಕದಾಗೆ ಕುಂತೋರಿಗೆ ತಿವೀತೈತೆ. ಅದ್ಕೇ ನಾನು ಗೋಡೆ ಕಡೆ ಕುಂತ್ಕಳದು."

"ಅಂಗೈಗೆ ಮುಳ್ಳು ಚುಚ್ಚಿದರೆ? ಹುಣ್ಣಾದರೆ? ಹೇಗೆ ನೋಡ್ಕೊಳ್ತೀಯ?"

"ನಮ್ಮಜ್ಜಿ ಒಂದು ಚೂರು ಕನ್ನಡಿ ಇಕ್ಕಂಡೈತೆ ಟೀಚರ್. ಅದನ್ನ ನೆಲದ ಮ್ಯಾಲೆ ಇಕ್ಕಿ, ಅದರ ಮ್ಯಾಲೆ ಕೈ ಹಿಡಿದು ನೋಡ್ಕಂಡು ಮುಳ್ಳು ತೆಗೀತೀನಿ."

ಟಿಂಚರ್ ಬಾಟಲಿಗೆ ಮುಚ್ಚಳ ಹಾಕಿದೆ. ಆಮೇಲೆ ಕೇಳಿದೆ. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನಾರ ಒಂದು ಹೆಸರು ಇಕ್ತಾರೆ. ಐಮಂಗಲದ ಇಸ್ಕೂಲ್ನಾಗೆ ಇಕ್ಕಿದ್ರು." ಏನು ಹೆಸರೆಂದು ಹೇಳಲಿಲ್ಲ. "ನಮ್ಮಜ್ಜಿ ಬೇರೆ ಹೇಳ್ತೈತೆ. ಇದು ಕೊಡೋ ಕೈ ಕಣೇ, ಇಸ್ಕಣೋ ಕೈ ಅಲ್ಲ ಅಂತ."

ಆಮೇಲೆ ಅವಳೇ ಕೇಳಿದಳು. "ಟಿ.ಸಿ. ಕೊಟ್ರೆ ಪರೀಕ್ಷೆ ಬರೆಯಕ್ಕೆ ಬರಲ್ವಾ ಟೀಚರ್? ಬೇರೆ ಇಸ್ಕೂಲ್ನಾಗೆ ಈಗ ತಗಳಲ್ವಾ?"

ಡಿಸೆಂಬರ್ ತಿಂಗಳು. ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗೆಂದೇ ಹೇಳಿದೆ.

"ಹಂಗಾರೆ ನಮ್ಮಪ್ಪ ಕಳಿಸಲ್ಲ. ಮಾವನ ಮನೆಯೋರು ಹೆಣ್ಣು ಕೇಳ್ಕಂಡು ಆಗ್ಲೇ ಎರಡು ಸಲ ಬಂದೋಗ್ಯವ್ರೆ."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಿತ್ರದುರ್ಗದ ಬಸ್ಸು ಹತ್ತಿದೆ. ಪಾಲಮ್ಮನೂ ಅವಳ ಅಪ್ಪ ಚಿತ್ತಯ್ಯನೂ ಐಮಂಗಲದಲ್ಲಿ ಹತ್ತುವುದೆಂದು ಮಾತಾಗಿತ್ತು. ಲಾರಿ ಬಡಿದ ಆ ತಿರುವು ಬಂದಾಗ ನಾನು ಯಾವಾಗಲೂ ಆಚೆ ಬದಿಗೆ ಮುಖ ತಿರುಗಿಸುತ್ತೇನೆ. ಆ ದಿನ ಅವರನ್ನು ಗುರುತಿಸಬೇಕಿತ್ತು, ನೋಡಿದೆ. ಒಂದು ಹುಣಸೆ ಮರ, ಒಂದು ಸೈಕಲ್ ಶಾಪು. ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಮನುಷ್ಯ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಅಷ್ಟೇ ಇತ್ತು.

"ಅಕ್ಕೋರೆ, ನಮ್ಮ ಹುಡುಗಿ ಏನು ತಪ್ಪು ಮಾಡೈತೆ ಹೇಳ್ರಿ, ನಾನೇ ಎರಡು ಬಿಗೀತೀನಿ" ಎಂದ ಚಿತ್ತಯ್ಯ, ಸೀಟಿನ ಅಂಚಿನಲ್ಲಿ ಕೂತು.

"ತಪ್ಪು ಮಾಡಿಲ್ಲ."

"ಮತ್ತೆ ದೊಡ್ಡ ಮೇಷ್ಟ್ರು ಹೊಡೆದವ್ರೆ?"

ತಪ್ಪು ಮಾಡದೆ ಮೇಷ್ಟ್ರು ಹೊಡೆಯುತ್ತಾರೆ ಎಂಬುದು ಅವನ ಲೆಕ್ಕಕ್ಕೆ ಬರುವ ಮಾತಲ್ಲ.

ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಡಾಕ್ಟರು ಚಿಕ್ಕ ವಯಸ್ಸಿನವರು. ಒದ್ದೆ ಫಿಲಮನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಿಂದ ತೋರಿಸಿದರು. ಮೊಣಕೈಯ ಕೆಳಗೆ ಎರಡು ಮೂಳೆ ಒಂದರೊಳಗೊಂದು ಕರಗಿಹೋಗಿದ್ದವು.

"ತಾಯಿ ಹೊಟ್ಟೇಲೇ ಹೀಗೆ ಕೂಡಿಕೊಂಡಿವೆ. ಬಿಡಿಸಿದರೂ ಮತ್ತೆ ಕೂಡ್ತವೆ. ಕೈ ಮಡಚೋದು, ಚಾಚೋದು ಚೆನ್ನಾಗೇ ಇದೆ. ತಿರುಗೋದಿಲ್ಲ, ಅಷ್ಟೇ. ಹಾಗೇ ಬಿಡಿ."

ಚಿತ್ತಯ್ಯ ಹತ್ತಿರ ಬಂದು ಇಣುಕಿದ. ಅವನ ಮುಖ ಅರಳಿತು. ಗುರುತಿನವರನ್ನು ಕಂಡಂತೆ.

"ಅಯ್ಯೋ, ಇದು ಕುರಿ ಮುಂಗಾಲು ಇದ್ದಂಗೈತಲ್ಲ ಸ್ವಾಮಿ. ಕುಯ್ದಾಗ ನೋಡೀನಿ. ಎರಡು ಮೂಳೆ ಸೇರ್ಕಂಡು ಒಂದೇ ಆಗಿರ್ತಾವೆ. ಅದ್ಕೇ ಕುರಿ ಕಾಲು ಹಿಂದಕ್ಕೂ ಮುಂದಕ್ಕೂ ಹೋಗ್ತೈತೆ, ತಿರುಗಲ್ಲ."

"ಸರಿಯಾಗಿ ಹೇಳಿದೆ ಕಣಪ್ಪ" ಎಂದರು ಡಾಕ್ಟರು. ಒಂದು ಚೀಟಿ ಬರೆದುಕೊಟ್ಟರು.

ಬರುವಾಗ ಪಾಲಮ್ಮ ಆ ಫಿಲಮನ್ನು ಬಸ್ಸಿನ ಕಿಟಕಿಗೆ ಹಿಡಿದು ನೋಡುತ್ತಲೇ ಇದ್ದಳು. ಸಂಜೆ ಬಿಸಿಲು ಅವಳ ಮೂಳೆಗಳ ಮೂಲಕ ಹಾಯ್ದು ಒಳಗೆ ಬರುತ್ತಿತ್ತು.

ಸೋಮವಾರ ಪ್ರಾರ್ಥನೆಗೆ ಮೊದಲೇ ಹೆಡ್‌ಮಾಸ್ಟರ ಕೋಣೆಗೆ ಹೋದೆವು. ಚಿತ್ತಯ್ಯ ಬಾಗಿಲಾಚೆ ಚಪ್ಪಲಿ ಬಿಟ್ಟು ಹೊಸಿಲ ಹತ್ತಿರ ನಿಂತ. ನಾನು ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟು ಫಿಲಮನ್ನು ಕಿಟಕಿಗೆ ಹಿಡಿದೆ. ಪಾಠ ಮಾಡುವಂತೆಯೇ ಹೇಳಿದೆ. ಇಲ್ಲಿ ಬಿಜಾಗರಿ, ಇಲ್ಲಿ ತಿರುಗುವ ಕೀಲು ಇರಬೇಕಿತ್ತು, ಇಲ್ಲಿ ಮೂಳೆ ಕೂಡಿದೆ.

"ನೀವು ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂದಿರಿ ಸರ್. ಈ ಹುಡುಗಿ ಅಂಗೈಯ ಹುಣ್ಣು ನೋಡೋಕೆ ಕನ್ನಡಿಯನ್ನೇ ಇಟ್ಟುಕೊಂಡಿದ್ದಾಳೆ."

ಅವರು ಫಿಲಮ್ ನೋಡಲಿಲ್ಲ. ನನ್ನನ್ನು ನೋಡಿದರು.

"ಬಾಯಿ ಇತ್ತಲ್ಲ? ಹೇಳಬೇಕಿತ್ತು."

"ಹೇಳೋಕೆ ಬಿಡುವು ಎಲ್ಲಿತ್ತು ಸರ್? ಬೆತ್ತ ಮೊದಲು ಮಾತಾಡಿತು."

ಚಿತ್ತಯ್ಯನಿಗೆ ಮಾತು ಬಿರುಸಾಗುತ್ತಿದೆ ಅನ್ನಿಸಿರಬೇಕು. ಸಮಾಧಾನ ಮಾಡಲು ಹೊಸಿಲಿನಿಂದಲೇ ಕೈ ಮುಗಿದ.

"ದೊಡ್ಡ ಮೇಷ್ಟ್ರೇ, ಏನೂ ಇಲ್ರಿ. ಕುರಿ ಮುಂಗಾಲು ಇರ್ತೈತಲ್ರಿ, ಹಂಗೇ ಐತೆ ಅಷ್ಟೇ. ಡಾಕ್ಟರ್ ಸ್ವಾಮೇರೂ ಹೂಂ ಅಂದವ್ರೆ."

ಹೆಡ್‌ಮಾಸ್ಟರು ಕುರ್ಚಿಗೊರಗಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕೇಳಿದಿರಾ ಮೇಡಂ? ಅಪ್ಪನೇ ಹೇಳ್ತಾನೆ. ಕುರಿ ಕಾಯೋರ ಮನೇಲಿ ಕುರಿ ಕಾಲಿನ ಕೂಸು. ಕುರಿಗೆ ಎಸ್ಸೆಸ್ಸೆಲ್ಸಿ ಯಾಕಪ್ಪಾ?"

ಚಿತ್ತಯ್ಯನೂ ನಕ್ಕ. ದೊಡ್ಡವರು ನಕ್ಕರೆ ನಗಬೇಕೆಂದು ನಕ್ಕ. ಕೈ ಇನ್ನೂ ಮುಗಿದೇ ಇತ್ತು. ಆ ಎರಡು ನಗೆಗಳ ನಡುವೆ ನಿಂತು ನಾನು ಫಿಲಮನ್ನು ಮಡಿಸಲು ಹೋದೆ. ಅದು ಮಡಚುವುದಿಲ್ಲ. ಅದರ ಅಂಚು ನನ್ನ ಬೆರಳನ್ನು ಕುಯ್ದಿತು.

"ಬರೆಯೋ ಕೈಗೆ ಅಂಗೈ ಕೆಳಗೇ ಇರಬೇಕು ಸರ್. ಪರೀಕ್ಷೆಗೆ ಆ ಕೈ ಸಾಕು" ಎಂದೆ.

"ಶಾಲೆ ಅಂದರೆ ಬರೆಯೋದೊಂದೇ ಅಲ್ಲ. ವಿನಯ ಅನ್ನೋದೊಂದಿದೆ. ಕೈ ಚಾಚೋಕೆ ಬರದವನು ಏನು ಕಲಿತಾನು? ನಾನು ಎಲ್ಲರ ಮುಂದೆ ಹೇಳಿಯಾಗಿದೆ. ಪ್ರಸಾದ ತಗೊಳ್ಳಲಿ, ತಪ್ಪಾಯ್ತು ಅನ್ನಲಿ. ಬೇಕಾದರೆ ಏಟು ಒಂದು ಕಡಿಮೆ ಮಾಡ್ತೀನಿ." ಅವರು ಎದ್ದರು. "ನೀವೂ ಸ್ವಲ್ಪ ಮನೆ ಕಡೆ ನೋಡ್ಕೊಳ್ಳಿ ಮೇಡಂ. ನಿಮ್ಮ ಪರಿಸ್ಥಿತೀಲಿ ಇರೋರು ಗಂಡಸರ ಎದುರು ಇಷ್ಟು ಮಾತಾಡಬಾರದು."

ಬೆಲ್ಲು ಹೊಡೆಯಿತು.

ಅಂಗಳದಲ್ಲಿ ಸಾಲು ನಿಂತಿತ್ತು. ಸೋಮವಾರವಾದರೂ ಬೋರಪ್ಪನ ಕೈಯಲ್ಲಿ ಪ್ರಸಾದದ ತಟ್ಟೆ. ಹೆಡ್‌ಮಾಸ್ಟರು ಬೆತ್ತವನ್ನು ಎಡಗಂಕುಳಲ್ಲಿ ಸಿಕ್ಕಿಸಿಕೊಂಡು ಪಾಲಮ್ಮನನ್ನು ಮುಂದೆ ಕರೆದರು. ನೂರುನ್ನೀಸಾ ನನ್ನ ಪಕ್ಕದಲ್ಲಿದ್ದರು. "ಯಾ ಅಲ್ಲಾ, ಈ ಮನುಷ್ಯನಿಗೆ ಬೇರೆ ಕೆಲಸ ಇಲ್ಲ" ಎಂದು ಗೊಣಗಿದರು. ಗೇಟಿನ ಹತ್ತಿರ ಚಿತ್ತಯ್ಯ ನಿಂತಿದ್ದ.

"ಚಾಚು. ಬಲಗೈ."

ಪಾಲಮ್ಮ ಚಾಚಿದಳು. ಗೆಣ್ಣುಗಳ ಮೇಲೆ ಟಿಂಚರಿನ ಕಲೆ. ಅಂಗೈ ನೆಲದ ಕಡೆ.

"ತಿರುಗಿಸು."

ಅವಳು ಈ ಸಲ ಭುಜ ಇಳಿಸಲಿಲ್ಲ. ಮೈ ಬಾಗಿಸಲಿಲ್ಲ. ನೆಟ್ಟಗೆ ನಿಂತಿದ್ದಳು.

"ತಿರುಗಲ್ಲ ಸಾರ್."

"ಕುರಿ" ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಕೋಣೆಯ ಮಾತು ಆಗಲೇ ಅಂಗಳಕ್ಕೆ ಬಂದಿತ್ತು. ಕಿಸಕ್ಕೆಂದು ಕೆಲವರು ನಕ್ಕರು. ನಾನು ಮುಂದೆ ಹೆಜ್ಜೆ ಇಟ್ಟೆ. ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಹೇಳುವ ಅಗತ್ಯ ಬರಲಿಲ್ಲ.

ಪಾಲಮ್ಮನ ಚಾಚಿದ ಕೈ ಪಕ್ಕಕ್ಕೆ ಸರಿದು ಬೋರಪ್ಪನ ತಟ್ಟೆಗೆ ಹೋಯಿತು. ಒಂದು ಹಿಡಿ ಪುರಿ ಕಡಲೆ ತುಂಬಿಕೊಂಡಿತು. ಮತ್ತೆ ಹೆಡ್‌ಮಾಸ್ಟರ ಎದುರಿಗೆ ಬಂದು ನಿಂತಿತು. ಮುಷ್ಟಿ ಕೆಳಮುಖ.

"ಪ್ರಸಾದ ಸಾರ್" ಎಂದಳು. ಬೆರಳು ಸಡಿಲಿಸಿದಳು.

ಪ್ರಸಾದ ನೆಲಕ್ಕೆ ಬೀಳಬಾರದು. ಅದನ್ನು ಯೋಚಿಸಿ ತಿಳಿಯಬೇಕಾಗಿಲ್ಲ. ನಮ್ಮ ಕೈಗಳಿಗೆ ಅದು ಗೊತ್ತು. ಹೆಡ್‌ಮಾಸ್ಟರ ಬಲಗೈ ಥಟ್ಟನೆ ಮುಂದೆ ಬಂತು. ಮೊಣಕೈ ಮಡಚಿತು. ರೇಡಿಯಸ್ ತನ್ನ ಬಳೆಯೊಳಗೆ ಹೊರಳಿತು. ಅಂಗೈ ಮೇಲಾಗಿ, ಬಟ್ಟಲಾಗಿ, ಹಟ್ಟಿಯ ಹುಡುಗಿಯ ಕೈಕೆಳಗೆ ಚಾಚಿಕೊಂಡಿತು. ಅವರನ್ನು ಅದು ಕೇಳಲಿಲ್ಲ.

ಪುರಿ ಒಂದೂ ಚೆಲ್ಲಲಿಲ್ಲ.

ಮುಂದಕ್ಕೆ ಬಾಗಿದ ಮೈ ಸಡಿಲವಾಗಿಯೋ ಏನೋ, ಎಡಗಂಕುಳಿನ ಬೆತ್ತ ಜಾರಿ ನೆಲಕ್ಕೆ ಬಿತ್ತು. ಬೋರಪ್ಪ ಅದನ್ನು ನೋಡಿದ. ಬಗ್ಗಲಿಲ್ಲ. ಯಾರೂ ಬಗ್ಗಲಿಲ್ಲ.

ಅಂಗೈಯಲ್ಲಿ ಬಿದ್ದ ಪ್ರಸಾದವನ್ನು ಮುನ್ನೂರು ಹುಡುಗಿಯರ ಮುಂದೆ ಏನು ಮಾಡಬಹುದು? ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಬಾಯಿಗೆ ಹಾಕಿಕೊಂಡರು. ಅಗಿಯುವುದು ಬಹಳ ಹೊತ್ತು ನಡೆಯಿತು. ಬಾಯಿ ತುಂಬ ಕಡಲೆ ಇಟ್ಟುಕೊಂಡು ಯಾರನ್ನೂ ಬೈಯಲಾಗುವುದಿಲ್ಲ.

ಪಾಲಮ್ಮ ಸಾಲಿಗೆ ಹಿಂತಿರುಗಿದಳು.

ಟಿ.ಸಿ. ಮಾತು ಮತ್ತೆ ಬರಲಿಲ್ಲ. ಅವಳ ಕೈಯಿಂದ ಪ್ರಸಾದ ತಿಂದವರು ಆ ಕೈ ಉದ್ಧಟತನದ್ದೆಂದು ಬರೆದುಕೊಡುವುದು ಹೇಗೆ? ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು, "ಹೋಗಲಿ, ಹಟ್ಟಿ ಹುಡುಗಿ, ತಿಳುವಳಿಕೆ ಸಾಲದು. ಕ್ಷಮಿಸಿದ್ದೀನಿ" ಎಂದರು.

ಕ್ಷಮಿಸಿದರಂತೆ. ನೂರುನ್ನೀಸಾ ದಾರವನ್ನು ಹಲ್ಲಿನಿಂದ ಕಡಿದರು. ಆ ಸದ್ದು ಎಲ್ಲರಿಗೂ ಕೇಳಿಸಿತು.

ಆದರೆ ಹೆಸರು ನಿಂತಿತು. ಮಾರ್ಚಿನಲ್ಲಿ ಪಾಲಮ್ಮ ಪರೀಕ್ಷೆ ಬರೆಯುವವರೆಗೂ ಹುಡುಗಿಯರು ಅವಳನ್ನು ಕುರಿಗೈ ಎಂದೇ ಕರೆದರು. ಅವಳು ಹೆದರಿದ್ದು ಅದಕ್ಕೇ. ಕೋಣೆಯಲ್ಲಿ ನಕ್ಕ ಆ ನಗೆಯನ್ನು ನಾನು ಮರೆತಿಲ್ಲ. ಮರೆಯುವ ಯೋಚನೆಯೂ ಇಲ್ಲ.

ಆ ಸೋಮವಾರ ಕಳೆದು ಬಂದ ಶುಕ್ರವಾರ ಮತ್ತೆ ಪೂಜೆ. ಬೋರಪ್ಪ ನನ್ನ ಮುಂದೆ ಬಂದಾಗ ಕುಂಕುಮದ ಬಟ್ಟಲು ಎಂದಿನಂತೆ ಬೆನ್ನ ಹಿಂದೆ ಹೋಯಿತು. ಹೆಡ್‌ಮಾಸ್ಟರು ಪ್ರಸಾದ ಹಿಡಿದು ಒಂದು ಗೇಣು ಮೇಲೆ ಕೈ ನಿಲ್ಲಿಸಿದರು. ನನ್ನ ಅಂಗೈ ಅಭ್ಯಾಸದಂತೆ ಮೇಲಾಗಿ ಅವರ ಎದುರಿಗಿತ್ತು.

ಅದನ್ನು ಕವುಚಿದೆ.

ನನ್ನ ಕೀಲು ಚೆನ್ನಾಗಿದೆ. ಯಾವ ಕಡೆಗಾದರೂ ತಿರುಗುತ್ತದೆ.

"ಮೇಡಂ?" ಎಂದರು.

ನಾನು ಕೈ ಹಿಂದೆಗೆಯಲಿಲ್ಲ. ತಿರುಗಿಸಲೂ ಇಲ್ಲ. ಕೈಬೆನ್ನು ಮೇಲೆ, ಅಂಗೈ ನೆಲದ ಕಡೆ. ಹುಡುಗಿಯರ ಸಾಲಿನಲ್ಲಿ ಪಾಲಮ್ಮ ಕತ್ತು ಚಾಚಿ ನೋಡುತ್ತಿದ್ದಳು. ಹೆಡ್‌ಮಾಸ್ಟರ ಮುಷ್ಟಿ ಗಾಳಿಯಲ್ಲೇ ನಿಂತಿತ್ತು. ಅದನ್ನು ಬಿಡುವಂತಿಲ್ಲ, ನೆಲಕ್ಕೆ ಬೀಳುತ್ತದೆ.